ಭಾವನ ವೈಟ್ ಬೋರ್ಡ್ ಕಾರಲ್ಲಿ ಬಾಡಿಗೆ ಹೊಡೆದರೆ ಇನ್ಶೂರೆನ್ಸ್ ಕೈ ಹಿಡಿಯುತ್ತಾ?

ಪ್ರಶ್ನೆ: ಸರ್ ನಮಸ್ತೆ. ನನಗೆ 29 ವರ್ಷ, ಪೀಣ್ಯದಲ್ಲಿ ಫ್ಯಾಕ್ಟರಿ ಕೆಲಸ. ಮಂಡ್ಯದಲ್ಲಿರುವ ನಮ್ಮ ಭಾವನ ಡಿಸೈರ್ ಕಾರು ಹೆಚ್ಚು ದಿನ ಸುಮ್ನೆ ನಿಂತಿರುತ್ತದೆ. ಶನಿವಾರ, ಭಾನುವಾರ ಅದನ್ನು ತಂದು ಏರ್‌ಪೋರ್ಟ್, ಮೈಸೂರು ಕಡೆ ಬಾಡಿಗೆ ಹೊಡಿ ಅಂತ ಸ್ನೇಹಿತರು ಹೇಳುತ್ತಿದ್ದಾರೆ. ಕಾರು ವೈಟ್ ಬೋರ್ಡ್. ಫುಲ್ ಇನ್ಶೂರೆನ್ಸ್ ಇದೆ, ಏನಾದರೂ ಆದರೆ ಕಂಪನಿ ಕೊಡುತ್ತೆ ಅಂತಾರೆ, ನಿಜಾನಾ? ಯೆಲ್ಲೋ ಬೋರ್ಡ್ ಮಾಡಿಸಿದರೆ ಪ್ರೀಮಿಯಂ ಮೂರು ಪಟ್ಟು ಆಗುತ್ತಂತೆ. ಡಲ್ಲಾಸ್‌ನಲ್ಲಿರುವ ನಮ್ಮ ಚಿಕ್ಕಪ್ಪನ ಮಗ ರೈಡ್‌ಶೇರ್ ಆಡ್-ಆನ್ (ಆ್ಯಪ್‌ಗೆ ಓಡಿಸುವವರು ಪಾಲಿಸಿಗೆ ಸೇರಿಸುವ ಹೆಚ್ಚುವರಿ ಕವರ್) ಹಾಕಿಸು ಸಾಕು ಅಂದ. ಇಲ್ಲ ದಿನದ ಲೀಸ್‌ಗೆ ಯೆಲ್ಲೋ ಬೋರ್ಡ್ ಕಾರು ತಗೊಂಡು ಆ್ಯಪ್‌ಗೆ ಓಡಿಸಲಾ? ಏನು ಮಾಡಲಿ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಭಾವನ ಕಾರಲ್ಲಿ, ಅದು ವೈಟ್ ಬೋರ್ಡ್ ಆಗಿರುವ ತನಕ, ಒಂದೇ ಒಂದು ಬಾಡಿಗೆ ಕೂಡ ಹೊಡೆಯಬೇಡಿ. ಪೊಲೀಸರು, ಆರ್‌ಟಿಒ ಹಿಡೀತಾರೆ ಅನ್ನುವುದು ಚಿಕ್ಕ ಕಾರಣ. ಪರ್ಮಿಟ್ ಇಲ್ಲದೆ ಬಾಡಿಗೆ ಓಡಿಸಿದರೆ 10,000 ರೂಪಾಯಿವರೆಗೆ ದಂಡ ಇದೆ, ಗಾಡಿ ಸೀಜ್ ಮಾಡಬಹುದು. ಅದನ್ನು ಹೇಗೋ ಕಟ್ಟಿ ಬಿಡಿಸಿಕೊಂಡು ಬರಬಹುದು. ದೊಡ್ಡ ಕಾರಣ ಬೇರೆ ಇದೆ. ಒಂದು ಆಕ್ಸಿಡೆಂಟ್ ಆದರೆ ಅದರ ಸಾಲ ನಿಮ್ಮ ಅಕ್ಕನ ಮನೆ ಬಾಗಿಲಿಗೆ ಬರುತ್ತದೆ.

ನಾನು 20 ವರ್ಷದಿಂದ ಗಾಡಿಗಳ ಕ್ಲೇಮ್ ಸರ್ವೇ ಮಾಡಿಕೊಂಡು ಬಂದವನು. 'ಫುಲ್ ಇನ್ಶೂರೆನ್ಸ್' ಅನ್ನುವ ಮಾತು ಎಷ್ಟು ಮನೆ ಹಾಳು ಮಾಡಿದೆ ಅಂತ ಕಣ್ಣಾರೆ ನೋಡಿದ್ದೇನೆ. ಫುಲ್ ಅಂದರೆ ಎರಡು ಭಾಗ ಇದೆ ಅಂತ ಅಷ್ಟೇ. ಒಂದು, ನಿಮ್ಮ ಕಾರಿನ ಡ್ಯಾಮೇಜ್. ಇನ್ನೊಂದು, ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ನಷ್ಟ, ಅಂದರೆ ಥರ್ಡ್ ಪಾರ್ಟಿ. ಎಲ್ಲಾ ಸಂದರ್ಭಕ್ಕೂ ದುಡ್ಡು ಬರುತ್ತದೆ ಅನ್ನುವ ಅರ್ಥ ಅದಕ್ಕೆ ಇಲ್ಲ.

ಭಾವನ ಪಾಲಿಸಿ ತೆಗೆಸಿ ನೋಡಿ. ಪ್ರೀಮಿಯಂ ಲೆಕ್ಕದ ಕೋಷ್ಟಕ ಇರುತ್ತದೆ, ಎಲ್ಲರೂ ಅದನ್ನೇ ನೋಡಿ ಮಡಚಿಡುತ್ತಾರೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಲಿಮಿಟೇಶನ್ಸ್ ಆ್ಯಸ್ ಟು ಯೂಸ್' ಅಂತ ಒಂದು ಪ್ಯಾರಾ ಇರುತ್ತದೆ. ಗಾಡಿಯನ್ನು ಯಾವುದಕ್ಕೆ ಬಳಸಬಾರದು ಅಂತ ಅಲ್ಲಿ ಬರೆದಿರುತ್ತಾರೆ. ಪ್ರೈವೇಟ್ ಕಾರಿನ ಪಾಲಿಸಿಯಲ್ಲಿ ಮೊದಲನೆಯದೇ 'ಹೈರ್ ಆರ್ ರಿವಾರ್ಡ್', ಅಂದರೆ ಬಾಡಿಗೆಗೆ ಅಥವಾ ಪ್ರತಿಫಲಕ್ಕೆ. ಆಮೇಲೆ ಸರಕು ಸಾಗಣೆ, ರೇಸ್ ಇತ್ಯಾದಿ. ಯೆಲ್ಲೋ ಬೋರ್ಡ್ ಪಾಲಿಸಿಯಲ್ಲಿ ಅದೇ ಜಾಗದಲ್ಲಿ 'ಪರ್ಮಿಟ್ ಪ್ರಕಾರ ಬಳಕೆ' ಅಂತ ಇರುತ್ತದೆ. ಕ್ಲೇಮ್ ನನ್ನ ಮೇಜಿಗೆ ಬಂದಾಗ ನಾನು ಮೊದಲು ನೋಡುವುದು ಈ ಪ್ಯಾರಾವನ್ನೇ.

ಕಾರಲ್ಲಿ ಕೂತವರು ಬಾಡಿಗೆಯವರಲ್ಲ, ಸ್ನೇಹಿತರು ಅಂತ ಹೇಳಿಬಿಟ್ಟರೆ ಆಯ್ತಲ್ಲ ಅಂತ ನಿಮಗೆ ಯಾರಾದರೂ ಹೇಳಿರುತ್ತಾರೆ. ಗ್ಯಾರೇಜಿನ ಬಳಿ ಹೀಗೆ ಹೇಳಿಕೊಡುವವರು ಇದ್ದೇ ಇರುತ್ತಾರೆ. ಕೆಲವು ವರ್ಷದ ಹಿಂದೆ ರಾಮನಗರದ ಹತ್ತಿರ ಒಂದು ಗ್ಯಾರೇಜಿನಲ್ಲಿ ಇಂಥದ್ದೇ ವೈಟ್ ಬೋರ್ಡ್ ಕಾರು ನೋಡೋಕೆ ಹೋಗಿದ್ದೆ. ಬಾನೆಟ್ ಮಡಚಿಕೊಂಡು ಗಾಜಿನ ತನಕ ಬಂದಿತ್ತು. ರೇಡಿಯೇಟರ್ ಎಂಜಿನ್‌ಗೆ ಅಂಟಿಕೊಂಡಿತ್ತು. ಹಿಂದಿನ ಎರಡೂ ಡೋರ್‌ನಲ್ಲಿ ಅರ್ಧ ಲೀಟರ್ ನೀರಿನ ಬಾಟಲಿ, ಸೀಲ್ ಕೂಡ ಒಡೆದಿರಲಿಲ್ಲ. ಮುಂದಿನ ಸೀಟಿನ ಬೆನ್ನಿಗೆ ಕ್ಯೂಆರ್ ಕೋಡ್ ಅಂಟಿಸಿದ ರಟ್ಟು. ಓನರ್ ನನ್ನ ಮುಖ ನೋಡದೆ, 'ಫ್ರೆಂಡ್ಸ್ ಸರ್, ದೇವಸ್ಥಾನಕ್ಕೆ ಹೋಗ್ತಿದ್ರು' ಅಂದರು. ನಾನು ಏನೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಹಿಂದೆ ಕೂತಿದ್ದ ಹೆಂಗಸಿಗೆ ಕಾಲು ಮುರಿದಿತ್ತು, ಆಸ್ಪತ್ರೆಯಲ್ಲಿ ಪೊಲೀಸರಿಗೆ ಕೊಟ್ಟ ಹೇಳಿಕೆಯ ಮೊದಲ ಸಾಲಲ್ಲೇ ಬಾಡಿಗೆ ಕಾರು ಮಾಡಿಕೊಂಡು ಹೊರಟಿದ್ದೆವು ಅಂತ ಇತ್ತು. ಪಾಪ, ಆಕೆಯದೇನು ತಪ್ಪು? ನಡೆದದ್ದನ್ನು ಹೇಳಿದರು. ಆ ಕ್ಲೇಮ್ ತಿರಸ್ಕಾರ ಆಯಿತು. ಆ ಓನರ್ ಕಾರಿನ ಸಾಲದ ಕಂತು ಇನ್ನೂ ಎರಡು ವರ್ಷ ಕಟ್ಟುವುದಿತ್ತು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಪ್ರೈವೇಟ್ ಕಾರನ್ನು ಬಾಡಿಗೆಗೆ ಓಡಿಸಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಕಾರಿನ ಡ್ಯಾಮೇಜ್ ಅಥವಾ ಕಳವಿನ ಕ್ಲೇಮನ್ನು ಪೂರ್ತಿ ತಳ್ಳಿಹಾಕಬಾರದು ಅಂತ ಸುಪ್ರೀಂ ಕೋರ್ಟ್ 2008 ಮತ್ತು 2010ರ ತೀರ್ಪುಗಳಲ್ಲಿ ಹೇಳಿದೆ. ಇದಕ್ಕೆ 'ನಾನ್ ಸ್ಟ್ಯಾಂಡರ್ಡ್' ಸೆಟಲ್‌ಮೆಂಟ್ ಅಂತಾರೆ, 75 ಪರ್ಸೆಂಟ್‌ವರೆಗೆ ಸಿಗಬಹುದು. ಯಾರಿಗಾದರೂ ಈಗಾಗಲೇ ಕ್ಲೇಮ್ ರಿಜೆಕ್ಟ್ ಆಗಿದ್ದರೆ ಇದನ್ನು ಹಿಡಿದು ಹೋರಾಡಿ. ಆದರೆ ಅದು ತಾನಾಗಿ ಬರುವುದಿಲ್ಲ. ಗ್ರಾಹಕರ ಆಯೋಗಕ್ಕೋ ವಿಮೆಯ ದೂರು ಕೇಳುವ ಒಂಬುಡ್ಸ್‌ಮನ್ ಹತ್ತಿರಕ್ಕೋ ಅಲೆಯಬೇಕು. ಅಲ್ಲಿ ಹೋದಾಗ ಫ್ರೆಂಡ್ಸ್ ಅಂತ ಸುಳ್ಳು ಹೇಳಿದ ಪತ್ರ ಫೈಲಿನಲ್ಲಿದ್ದರೆ ಆ 75 ಪರ್ಸೆಂಟಿಗೂ ಕಲ್ಲು ಬೀಳುತ್ತದೆ.

ಕಾರಿನ ತಗಡು ಹೋದರೆ ಹೋಗಲಿ. ನನಗೆ ನಿಜವಾಗಿ ಭಯ ಇರುವುದು ಥರ್ಡ್ ಪಾರ್ಟಿ ಬಗ್ಗೆ. ಒಂದು ಲೆಕ್ಕ ಹಾಕೋಣ, ಕೋರ್ಟ್ ಹಾಕುವ ರೀತಿಯಲ್ಲೇ. 32 ವರ್ಷದ ಒಬ್ಬ ಬೈಕ್ ಸವಾರ, ಸ್ವಂತ ದುಡಿಮೆ, ತಿಂಗಳಿಗೆ 25,000 ಸಂಪಾದನೆ, ಮನೆಯಲ್ಲಿ ಹೆಂಡತಿ, ಮಗು, ತಾಯಿ. ನಿಮ್ಮ ಕಾರು ಗುದ್ದಿ ಅವರು ತೀರಿಕೊಂಡರು ಅಂದುಕೊಳ್ಳಿ. ವರ್ಷಕ್ಕೆ 3 ಲಕ್ಷ ಆಯಿತು. ಮುಂದೆ ಸಂಪಾದನೆ ಏರುತ್ತಿತ್ತು ಅಂತ 40 ಪರ್ಸೆಂಟ್ ಸೇರಿಸುತ್ತಾರೆ, 4 ಲಕ್ಷದ 20 ಸಾವಿರ. ಅವರ ಸ್ವಂತ ಖರ್ಚು ಅಂತ ಮೂರರಲ್ಲಿ ಒಂದು ಪಾಲು ಕಳೆದರೆ 2 ಲಕ್ಷದ 80 ಸಾವಿರ. ಆ ವಯಸ್ಸಿಗೆ ಮಲ್ಟಿಪ್ಲೈಯರ್, ಅಂದರೆ ವರ್ಷದ ಮೊತ್ತವನ್ನು ಕೋರ್ಟ್ ಗುಣಿಸುವ ಅಂಕಿ, 16. ಗುಣಿಸಿ. 44 ಲಕ್ಷದ 80 ಸಾವಿರ. ಅಂತ್ಯಕ್ರಿಯೆ ಖರ್ಚು, ಬಡ್ಡಿ ಎಲ್ಲ ಬೇರೆ. ಇದು ದೊಡ್ಡ ಸಾಹೇಬರ ಲೆಕ್ಕ ಅಲ್ಲ, ತಿಂಗಳಿಗೆ 25,000 ದುಡಿಯುವವರ ಲೆಕ್ಕ.

ಈ ದುಡ್ಡು ಯಾರು ಕೊಡುತ್ತಾರೆ? ಸರಿಯಾದ ಪಾಲಿಸಿ, ಪರ್ಮಿಟ್ ಇದ್ದರೆ ಇನ್ಶೂರೆನ್ಸ್ ಕಂಪನಿ ಕೊಡುತ್ತದೆ, ಎಷ್ಟೇ ಆಗಲಿ. ಸಾವು, ಗಾಯದ ಥರ್ಡ್ ಪಾರ್ಟಿ ಹೊಣೆಗೆ ಮಿತಿ ಇಲ್ಲ. ಪರ್ಮಿಟ್ ಇಲ್ಲದೆ ಬಾಡಿಗೆ ಓಡಿಸಿದ್ದರೆ? ಪರ್ಮಿಟ್ ಇಲ್ಲದಿರುವುದು ಪಾಲಿಸಿಯ ಮೂಲ ಷರತ್ತನ್ನೇ ಮುರಿದಂತೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅಂಥ ಕೇಸುಗಳಲ್ಲಿ 'ಪೇ ಆ್ಯಂಡ್ ರಿಕವರ್' ಆದೇಶ ಆಗುತ್ತದೆ. ಸತ್ತವರ ಮನೆಯವರು ಕಾಯಬಾರದು ಅಂತ ಕಂಪನಿ ಮೊದಲು ಅವರಿಗೆ ಕೊಡುತ್ತದೆ, ಆಮೇಲೆ ಅಷ್ಟೂ ಹಣವನ್ನು ಗಾಡಿಯ ಮಾಲೀಕರಿಂದ ವಸೂಲಿ ಮಾಡುತ್ತದೆ. ಅದಕ್ಕೆ ಬೇರೆ ದಾವೆ ಕೂಡ ಹೂಡಬೇಕಿಲ್ಲ, ಪರಿಹಾರದ ಆದೇಶ ಮಾಡಿದ ಅದೇ ಅಪಘಾತ ಟ್ರಿಬ್ಯೂನಲ್‌ನಲ್ಲಿ ವಸೂಲಿ ಅರ್ಜಿ ಹಾಕಿದರೆ ಸಾಕು. ಆರ್‌ಸಿಯಲ್ಲಿ ಹೆಸರು ಯಾರದು? ಭಾವನದು. ಮಂಡ್ಯದ ಮನೆ, ಗದ್ದೆ ಯಾರ ಹೆಸರಲ್ಲಿದೆ ಅಂತ ಒಮ್ಮೆ ಯೋಚನೆ ಮಾಡಿ. ಇನ್ನು ದುಡ್ಡು ಕೊಟ್ಟು ನಿಮ್ಮ ಕಾರಲ್ಲೇ ಕೂತ ಪ್ಯಾಸೆಂಜರ್‌ಗೆ ಏನಾದರೂ ಆದರೆ, ಪ್ರೈವೇಟ್ ಪಾಲಿಸಿಯಲ್ಲಿ ಬಾಡಿಗೆ ಪ್ರಯಾಣಿಕರಿಗೆ ಪ್ರೀಮಿಯಂ ಕಟ್ಟೇ ಇಲ್ಲ ಅಂತ ಕಂಪನಿ ವಾದಿಸುತ್ತದೆ. ಆ ವಾದ ಗೆದ್ದರೆ ಅದೂ ಭಾವನ ತಲೆ ಮೇಲೆಯೇ.

ಇಷ್ಟೇ ಅಲ್ಲ, ನಿಮ್ಮ ಜೀವದ ವಿಷಯ ಇದೆ. ಇದನ್ನು ಯಾರೂ ಕೇಳುವುದೇ ಇಲ್ಲ, ನೀವೂ ಕೇಳಿಲ್ಲ. ಭಾವನ ಪಾಲಿಸಿಯಲ್ಲಿ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಅಂತ ಕಾಣಿಸುತ್ತದೆ. 'ಓನರ್-ಡ್ರೈವರ್' ಅಂತ ಅದರ ಪಕ್ಕದಲ್ಲೇ ಬರೆದಿರುತ್ತದೆ. ಅಂದರೆ ಆರ್‌ಸಿಯಲ್ಲಿ ಹೆಸರಿರುವ ವ್ಯಕ್ತಿ ಓಡಿಸುತ್ತಿದ್ದರೆ ಮಾತ್ರ. ನೀವು ಓಡಿಸುವಾಗ ನಿಮಗೆ ಏನಾದರೂ ಆದರೆ ಆ 15 ಲಕ್ಷದಲ್ಲಿ ಒಂದು ರೂಪಾಯಿಯೂ ನಿಮ್ಮ ಮನೆಗೆ ಬರುವುದಿಲ್ಲ. ಥರ್ಡ್ ಪಾರ್ಟಿ ಅಂತ ಕೇಳೋಣ ಅಂದರೆ ಅದೂ ಕಷ್ಟ. ಬೇರೆಯವರ ಬೈಕ್ ತಗೊಂಡು ಹೋಗಿ ತೀರಿಕೊಂಡವರ ಮನೆಯವರು ಹಾಕಿದ ಕೇಸು ನಮ್ಮ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟ್‌ಗೆ ಹೋಗಿತ್ತು. ಗಾಡಿ ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಹಾಗಾಗಿ ತಪ್ಪು ಯಾರದು ಅಂತ ನೋಡದೆ ಕೊಡುವ ಪರಿಹಾರ ಅವನ ವಾರಸುದಾರರಿಗೆ ಆ ಗಾಡಿಯ ಪಾಲಿಸಿಯಿಂದ ಸಿಗಲ್ಲ ಅಂತ 2009ರಲ್ಲಿ ತೀರ್ಪು ಬಂತು. ಕಾರಿನಲ್ಲಿ ಎಲ್ಲಕ್ಕಿಂತ ಕಡಿಮೆ ವಿಮೆ ಇರುವುದು ಸ್ಟೇರಿಂಗ್ ಹಿಡಿದವನಿಗೆ. 20 ವರ್ಷದಲ್ಲಿ ನನಗೆ ಅತ್ಯಂತ ಸಂಕಟ ಕೊಟ್ಟ ಸಂಗತಿ ಇದೇ.

ಡಲ್ಲಾಸ್‌ನ ಮಾತಿಗೆ ಬರೋಣ. ಅವರು ಸುಳ್ಳು ಹೇಳಿಲ್ಲ. ಅಲ್ಲಿ ಮನೆಯ ಕಾರಲ್ಲೇ ಆ್ಯಪ್‌ಗೆ ಓಡಿಸಬಹುದು. ಆ್ಯಪ್ ಆನ್ ಮಾಡಿ ಕಾಯುವಾಗ ಒಂದು ಕವರ್, ಟ್ರಿಪ್ ಒಪ್ಪಿಕೊಂಡ ಮೇಲೆ ಪ್ಯಾಸೆಂಜರ್ ಇಳಿಯುವ ತನಕ 10 ಲಕ್ಷ ಡಾಲರ್‌ವರೆಗಿನ ಹೊಣೆ ಹೀಗೆ ಹಂತ ಹಂತವಾಗಿ ಇದೆ. ಮಧ್ಯದ ಸಂದು ಮುಚ್ಚೋಕೆ ರೈಡ್‌ಶೇರ್ ಆಡ್-ಆನ್. ನಮ್ಮಲ್ಲಿ ಆ ಪದ್ಧತಿಯೇ ಇಲ್ಲ. ಇಲ್ಲಿ ಗಾಡಿಗೆ ಒಂದೇ ಗುರುತು, ವೈಟ್ ಅಥವಾ ಯೆಲ್ಲೋ. ವೈಟ್ ಬೋರ್ಡ್ ಪಾಲಿಸಿಗೆ ಯಾವ ಆಡ್-ಆನ್ ಸೇರಿಸಿದರೂ ಅದು ಬಾಡಿಗೆ ಗಾಡಿ ಆಗುವುದಿಲ್ಲ. ಝೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಆಡ್-ಆನ್) ಇದೆ, ಬಂಪರ್ ಟು ಬಂಪರ್ ಇದೆ ಅಂದರೂ ಅಷ್ಟೇ. ಕಾರ್‌ಪೂಲಿಂಗ್ ಅಂತ ಹೆಸರಿಟ್ಟು ಸೀಟಿಗೆ ಇಷ್ಟು ಅಂತ ತಗೊಳ್ಳುವುದೂ ಇದೇ ಹಳ್ಳ. ಕೇಂದ್ರದ 2020ರ ಮಾರ್ಗಸೂಚಿ ಪೂಲಿಂಗ್‌ಗೆ ಸ್ವಲ್ಪ ಜಾಗ ಬಿಟ್ಟಿತ್ತು, ಆದರೆ ತಡೆಯುವ ಅಧಿಕಾರ ರಾಜ್ಯಕ್ಕೇ ಕೊಟ್ಟಿತ್ತು. ನಮ್ಮ ಸಾರಿಗೆ ಇಲಾಖೆ 2023ರಲ್ಲಿ ವೈಟ್ ಬೋರ್ಡ್ ಪೂಲಿಂಗ್ ಆ್ಯಪ್‌ಗಳಿಗೆ ಬೇಡ ಅಂದಿತ್ತು. ಯೆಲ್ಲೋ ಬೋರ್ಡ್‌ನ ಒಂದು ಅನುಕೂಲ ಹೇಳುತ್ತೇನೆ: ಪಾಲಿಸಿಗೆ ಆ್ಯಪ್ ಆನ್ ಇದೆಯೋ ಆಫ್ ಇದೆಯೋ ಬೇಕಿಲ್ಲ. ಡ್ಯೂಟಿಗೆ ಹೋದಾಗಲೂ, ಮನೆಯವರನ್ನು ಮದುವೆಗೆ ಕರೆದುಕೊಂಡು ಹೋದಾಗಲೂ ಅದೇ ಪಾಲಿಸಿ ಕೆಲಸ ಮಾಡುತ್ತದೆ.

ಹಾಗಾದರೆ ಯೆಲ್ಲೋ ಬೋರ್ಡ್ ಎಷ್ಟು ದುಬಾರಿ? ಥರ್ಡ್ ಪಾರ್ಟಿ ದರ ಸರ್ಕಾರವೇ ನಿಗದಿ ಮಾಡುತ್ತದೆ, ಯಾವ ಕಂಪನಿಗೆ ಹೋದರೂ ಒಂದೇ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ ಲೆಕ್ಕ ಹೇಳುತ್ತೇನೆ, ನೀವು ಕಟ್ಟುವ ದಿನದ ದರ ಒಮ್ಮೆ ಕೇಳಿಕೊಳ್ಳಿ. ಡಿಸೈರ್ 1,197 ಸಿಸಿ. ಪ್ರೈವೇಟ್ ಆದರೆ 3,416 ರೂಪಾಯಿ. ಟ್ಯಾಕ್ಸಿ ಆದರೆ 7,940, ಅದರ ಮೇಲೆ ಪ್ರತಿ ಪ್ಯಾಸೆಂಜರ್ ಸೀಟಿಗೆ 978. ನಾಲ್ಕು ಸೀಟಿಗೆ ಒಟ್ಟು 11,852. ವ್ಯತ್ಯಾಸ 8,436, ಶೇಕಡ 18 ಜಿಎಸ್‌ಟಿ ಸೇರಿಸಿದರೆ ಹತ್ತಿರ ಹತ್ತಿರ 10,000. ದಿನಕ್ಕೆ 27 ರೂಪಾಯಿ. ಆ 45 ಲಕ್ಷದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಸೀಟಿಗೆ 978 ಅಂತ ಕಟ್ಟುತ್ತೀರಲ್ಲ, ಅದು ಹಿಂದೆ ಕೂತ ಪ್ಯಾಸೆಂಜರ್ ಹೆಸರಿನ ದುಡ್ಡು. ಪ್ರೈವೇಟ್ ಪಾಲಿಸಿಯಲ್ಲಿ ಇಲ್ಲದೇ ಇರುವುದು ಅದೇ.

ಮೂರು ಪಟ್ಟು ಅನ್ನುವ ಮಾತು ಥರ್ಡ್ ಪಾರ್ಟಿ ಭಾಗಕ್ಕೆ ನಿಜ, ಇಡೀ ಪ್ರೀಮಿಯಂಗೆ ಅಲ್ಲ. ಸ್ವಂತ ಡ್ಯಾಮೇಜ್ ಭಾಗದಲ್ಲಿ ಕಂಪನಿ ಕಂಪನಿಗೆ ದರ ಬೇರೆ, ಅಲ್ಲಿ ಚೌಕಾಸಿ ಮಾಡಬಹುದು. ಆದರೆ ಪ್ರೀಮಿಯಂ ಕಡಿಮೆ ಮಾಡಿಕೊಡುತ್ತೇನೆ ಅಂತ ಏಜೆಂಟ್ ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆದ ಕಾರಿನ ಬೆಲೆ, ಇಳಿಸಿದರೆ ಒಪ್ಪಬೇಡಿ. ಕಾರು ಪೂರ್ತಿ ಹೋದರೆ ಅಥವಾ ಕಳವಾದರೆ ಸಿಗುವುದು ಆ ಐಡಿವಿ ಲೆಕ್ಕದಲ್ಲೇ. ಝೀರೋ ಡೆಪ್ ಟ್ಯಾಕ್ಸಿಗೆ ಎಲ್ಲರೂ ಕೊಡುವುದಿಲ್ಲ, ನಾಲ್ಕು ಕಡೆ ಕೇಳಿ. ಅದು ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗೆ ಅರ್ಧ ಬೆಲೆ ನಿಮ್ಮ ಜೇಬಿನಿಂದಲೇ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಮೊದಲು ಹೋಗುವುದೇ ಬಂಪರ್, ಅದು ಪ್ಲಾಸ್ಟಿಕ್. ಇನ್ನೊಂದು, ಕಾರು ಗ್ಯಾರೇಜಿನಲ್ಲಿ ಹದಿನೈದು ದಿನ ನಿಂತರೆ ಆ ದಿನಗಳ ದುಡಿಮೆಗೆ ಈ ಪಾಲಿಸಿ ಏನೂ ಕೊಡುವುದಿಲ್ಲ. ಕಂತು ಮಾತ್ರ ನಿಲ್ಲುವುದಿಲ್ಲ. ಎರಡು ತಿಂಗಳ ಕಂತಿನಷ್ಟು ದುಡ್ಡು ಬೇರೆ ಎತ್ತಿಡದೆ ಈ ಕೆಲಸಕ್ಕೆ ಇಳಿಯಬೇಡಿ.

ಭಾವನ ಕಾರನ್ನೇ ಬದಲಾಯಿಸುವುದಾದರೆ ಮೊದಲು ಆ ಮಾಡೆಲ್‌ಗೆ ಅವಕಾಶ ಇದೆಯಾ ಅಂತ ಆರ್‌ಟಿಒದಲ್ಲಿ ಕೇಳಿ. ಲೋನ್ ಇದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು. ತೆರಿಗೆ ವ್ಯತ್ಯಾಸ, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್), ಪರ್ಮಿಟ್, ಜಿಪಿಎಸ್, ಪ್ಯಾನಿಕ್ ಬಟನ್, ಇದೆಲ್ಲಾ ಆಗಬೇಕು. ಎಫ್‌ಸಿ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಎಫ್‌ಸಿ ಮುಗಿದ ಗಾಡಿಯ ಕ್ಲೇಮ್ ಕೂಡ ತಕರಾರಿಗೆ ಬೀಳುತ್ತದೆ, ತಾರೀಖು ಮೊಬೈಲ್‌ನಲ್ಲಿ ಹಾಕಿಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಬೋರ್ಡ್ ಬದಲಾಗುವಾಗಲೇ ಪಾಲಿಸಿಯೂ ಬದಲಾಗಬೇಕು. ಯೆಲ್ಲೋ ಪ್ಲೇಟ್ ಹಾಕಿಸಿ, ಹಳೇ ಪ್ರೈವೇಟ್ ಪಾಲಿಸಿ ಇನ್ನೂ ಆರು ತಿಂಗಳು ಇದೆ ಅಂತ ಓಡಿಸಿದವರನ್ನು ನೋಡಿದ್ದೇನೆ. ಆರ್‌ಸಿ, ಪರ್ಮಿಟ್, ಪಾಲಿಸಿ ಮೂರೂ ಒಂದೇ ಮಾತು ಹೇಳಬೇಕು. ಮತ್ತೆ ಕಾರು ಭಾವನ ಹೆಸರಲ್ಲೇ ಉಳಿದರೆ ನೀವು ಪೇಯ್ಡ್ ಡ್ರೈವರ್, ಆ 15 ಲಕ್ಷ ಆಗಲೂ ನಿಮಗಿಲ್ಲ. ಭಾವ ಒಪ್ಪಿದರೆ ಕಾರನ್ನು ನಿಮ್ಮ ಹೆಸರಿಗೆ ಮಾಡಿಸಿಕೊಂಡು ಬದಲಾಯಿಸುವುದೇ ಒಳ್ಳೆಯದು.

ಟ್ಯಾಕ್ಸಿ ಡ್ರೈವರ್‌ಗೆ ಆರ್‌ಟಿಒ ಕೊಡುವ ಬ್ಯಾಡ್ಜ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಇದ್ದರೆ 7,500 ಕೆಜಿ ಒಳಗಿನ ಟ್ರಾನ್ಸ್‌ಪೋರ್ಟ್ ಗಾಡಿ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಆ ಒಂದು ನೆಪದಲ್ಲಿ ಕ್ಲೇಮ್ ತಳ್ಳುವಂತಿಲ್ಲ. ಆ್ಯಪ್‌ನವರು ತಮ್ಮ ನಿಯಮ ಅಂತ ಬ್ಯಾಡ್ಜ್ ಕೇಳಿದರೆ ಮಾಡಿಸಿಕೊಳ್ಳಿ.

ಈಗ ನಿಮ್ಮ ಮೂರನೇ ದಾರಿ, ದಿನದ ಲೀಸ್. ಶನಿವಾರ, ಭಾನುವಾರ ಮಾತ್ರ ಓಡಿಸಿ ನೋಡುವವರಿಗೆ ನನ್ನ ಪ್ರಕಾರ ಇದೇ ವಾಸಿ. ಸಾಲ ಇಲ್ಲ, ಭಾವನಿಗೆ ತೊಂದರೆ ಇಲ್ಲ. ಆದರೆ ಕಾರು ಕೊಡುವವರು 'ಎಲ್ಲಾ ಪೇಪರ್ ಸರಿ ಇದೆ' ಅಂದರೆ ತಲೆಯಾಡಿಸಿ ಕೀ ತಗೊಳ್ಳಬೇಡಿ. ಗಾಡಿ ನಂಬರ್ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ ಇನ್ಶೂರೆನ್ಸ್, ಎಫ್‌ಸಿ ತಾರೀಖು ಕಾಣುತ್ತದೆ. ಪರ್ಮಿಟ್ ಪ್ರತಿ ಬೇರೆ ಕೇಳಿ ನೋಡಿ. ಪಾಲಿಸಿಯ ಪ್ರೀಮಿಯಂ ಕೋಷ್ಟಕದಲ್ಲಿ ಪೇಯ್ಡ್ ಡ್ರೈವರ್‌ಗೆ ದುಡ್ಡು ಕಟ್ಟಿದ್ದಾರಾ ನೋಡಿ, ವರ್ಷಕ್ಕೆ 50 ರೂಪಾಯಿಯ ಸಾಲು ಅದು. ಆ ಸಾಲು ಇದ್ದರೂ ಲೀಸ್ ಅಗ್ರಿಮೆಂಟ್‌ನಲ್ಲಿ ನೀವು ನೌಕರ ಅಲ್ಲ, ಬಾಡಿಗೆಗೆ ತಗೊಂಡ ಗಿರಾಕಿ ಅಂತ ಬರೆದಿದ್ದರೆ ನಾಳೆ ತಕರಾರು ಎದ್ದೇ ಏಳುತ್ತದೆ. ಡ್ಯಾಮೇಜ್ ಆದಾಗ ಎಷ್ಟರವರೆಗೆ ನಿಮ್ಮ ಅಡ್ವಾನ್ಸ್‌ನಿಂದ ಮುರಿದುಕೊಳ್ಳುತ್ತಾರೆ ಅನ್ನುವುದೂ ಅದರಲ್ಲೇ ಇರುತ್ತದೆ, ಅಂಕಿ ಖಾಲಿ ಬಿಟ್ಟಿದ್ದರೆ ಸಹಿ ಹಾಕಬೇಡಿ.

ಆ್ಯಪ್ ಕಂಪನಿಯ ವಿಮೆಯನ್ನು ಪೂರ್ತಿ ನಂಬಿ ಕೂರಬೇಡಿ. ಡ್ರೈವರ್‌ಗೆ ಕನಿಷ್ಠ 5 ಲಕ್ಷದ ಆರೋಗ್ಯ ವಿಮೆ, 10 ಲಕ್ಷದ ಟರ್ಮ್ ವಿಮೆ ಕೊಡಬೇಕು ಅಂತ ಕೇಂದ್ರದ ಮಾರ್ಗಸೂಚಿಗಳಲ್ಲಿ ಇದೆ. ನಿಮ್ಮ ಹೆಸರಿಗೆ ನಿಜವಾಗಿ ಆಗಿದೆಯಾ, ಪಾಲಿಸಿ ನಂಬರ್ ಏನು, ಟ್ರಿಪ್‌ನಲ್ಲಿದ್ದಾಗ ಮಾತ್ರವಾ ಇಲ್ಲ ಖಾಲಿ ಬರುವಾಗಲೂ ಇದೆಯಾ ಅಂತ ಕೇಳಿ, ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಗಾಡಿಯ ಪಾಲಿಸಿ ಮಾಡುವ ಕೆಲಸವನ್ನು ಈ ವಿಮೆ ಮಾಡುವುದಿಲ್ಲ.

ಹಾಗಾಗಿ ನಿಮ್ಮ ಜೀವಕ್ಕೆ ನೀವೇ ಮಾಡಿಸಿ, ಕಾರು ಯಾರದೇ ಆಗಿರಲಿ. ನಿಮ್ಮ ಹೆಸರಿನಲ್ಲೇ ಒಂದು ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ತಗೊಳ್ಳಿ. ಫಾರಂನಲ್ಲಿ ಕೆಲಸದ ಜಾಗದಲ್ಲಿ ಫ್ಯಾಕ್ಟರಿ ಜೊತೆಗೆ 'ಟ್ಯಾಕ್ಸಿ ಚಾಲಕ' ಅಂತಲೂ ಬರೆಸಿ. ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗಬಹುದು, ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ಅದೇ ಉರುಳಾಗುತ್ತದೆ. ಅದರ ಜೊತೆಗೆ ನಿಮ್ಮ ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ, 436 ರೂಪಾಯಿಯ ಜೀವನ್ ಜ್ಯೋತಿ ಎರಡಕ್ಕೂ ಸಹಿ ಹಾಕಿ. ಮೊದಲನೆಯದು ಅಪಘಾತಕ್ಕೆ 2 ಲಕ್ಷ, ಎರಡನೆಯದು ಯಾವ ಕಾರಣಕ್ಕೆ ಸಾವಾದರೂ 2 ಲಕ್ಷ.

ಮುಂದೆ ಯಾವತ್ತಾದರೂ ಕ್ಲೇಮ್ ಅನ್ಯಾಯವಾಗಿ ತಿರಸ್ಕಾರ ಆದರೆ ಮೊದಲು ಕಂಪನಿಗೆ ಬರೆದು ದೂರು ಕೊಡಿ. ಒಂದು ತಿಂಗಳು ಕಾದು ಉತ್ತರ ಬರದಿದ್ದರೆ ಅಥವಾ ಉತ್ತರ ಸರಿ ಇಲ್ಲದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಿ. ಫೀಸ್ ಇಲ್ಲ, ವಕೀಲರು ಬೇಕಿಲ್ಲ, ವರ್ಷದೊಳಗೆ ಹೋಗಬೇಕು. ವಿಮಾ ನಿಯಂತ್ರಣ ಪ್ರಾಧಿಕಾರದ 155255ಕ್ಕೆ ಫೋನ್ ಮಾಡಿದರೂ ದೂರು ದಾಖಲಾಗುತ್ತದೆ.

ಶುಕ್ರವಾರ ಸಂಜೆಯೇ ಲೀಸ್‌ನವರ ಹತ್ತಿರ ಹೋಗಿ ಪಾಲಿಸಿ, ಎಫ್‌ಸಿ, ಪರ್ಮಿಟ್ ಮೂರರ ಫೋಟೋ ತೆಗೆದುಕೊಳ್ಳಿ, ಕಾರಿನ ನಾಲ್ಕೂ ಕಡೆಯ ಗೀರು, ತಗ್ಗುಗಳ ವಿಡಿಯೋ ಮಾಡಿ ಅವರಿಗೇ ವಾಟ್ಸ್ಆ್ಯಪ್ ಕಳಿಸಿ. ನಿಮ್ಮ ಆಕ್ಸಿಡೆಂಟ್ ಪಾಲಿಸಿಯಲ್ಲಿ ನಾಮಿನಿ ಹೆಸರು ಖಾಲಿ ಬಿಡಬೇಡಿ, ಅದರ ಒಂದು ಪ್ರತಿ ಮನೆಯಲ್ಲಿ ಎಲ್ಲಿಟ್ಟಿದ್ದೀರಿ ಅಂತ ಆ ನಾಮಿನಿಗೂ ತೋರಿಸಿಬಿಡಿ.